ಸಬ್ಬಸಿಗೆಯ ಹಸಿರು

ಬಾಣಂತಿ ಮಗಳು ಭಾಗ್ಯಶ್ರೀಯ ಹಲ್ಲು ಮುಂಗೈಗೆ ನಾಟಿ ನೆತ್ತರು ಜಿನುಗಿದರೂ ಅನ್ನವ್ವ ಕಾದ ದಬ್ಬಣವನ್ನು ಬಿಡಲಿಲ್ಲ. ಕೌದಿಯ ಮೇಲೆ ಐದು ದಿನದ ಕೂಸು, ಹೊಟ್ಟೆ ಬಿಗಿದು ಉಬ್ಬಿ, ಅಳುವುದಕ್ಕೂ ತ್ರಾಣವಿಲ್ಲದೆ ಬಾಯಿ ಬಾಯಿ ಬಿಡುತ್ತಿತ್ತು. ಕಟವಾಯಿಯಿಂದ ಹಸಿರು ಇಳಿಯುತ್ತಿತ್ತು.

"ಕಡೀತಿದ್ರ ಕಡಿ! ಹೊಟ್ಟಿಗೆ ಬರಿ ಕೊಟ್ರ ಉಬ್ಬರ ಇಳೀತೈತಿ. ನಿಮ್ಮಣ್ಣ ಶಿವಾನಂದನ್ನ ಉಳಿಸಿದ್ದೂ ಇದ ದಬ್ಬಣ."

"ಹಸರು ಕಾರಾಕತ್ತೈತಿ ಯವ್ವಾ! ಹಸರು ಕಾರಿದ್ರ ಒಂದ್ ತಾಸೂ ನಿಲ್ಲಬ್ಯಾಡ್ರಿ, ದವಾಖಾನಿಗೆ ಓಡ್ರಿ ಅಂತ ಆಶಾ ಕಾರ್ಯಕರ್ತಿ ಶ್ವೇತಕ್ಕ ಹೇಳ್ಯಾಳ."

"ನೀ ಸಬ್ಬಸಗಿ ಪಲ್ಯ ತಿಂದಿ, ಅದು ಹಾಲಿನಾಗ ಇಳದೈತಿ. ಅಷ್ಟ."

ಆ ಸಬ್ಬಸಿಗೆಯನ್ನು ಅಕ್ಕಿಆಲೂರಿನ ಸಂತೆಯಲ್ಲಿ ಆರಿಸಿ ತಂದವಳೂ, ಹಾಲು ಬರಲೆಂದು ಎರಡು ಹೊತ್ತೂ ಬಡಿಸಿದವಳೂ ಅನ್ನವ್ವನೇ. ತನ್ನ ತಪ್ಪನ್ನು ತಾನೇ ಸುಟ್ಟು ತೆಗೆಯುವ ಹಟ ಅವಳದು. ಹಟವೆಂದರೂ ಒಳಗೆಲ್ಲ ಬರೀ ಹೆದರಿಕೆ. ಮಗಳ ಕೂದಲು ಹಿಡಿದು ಗೋಡೆಗೆ ನೂಕಿದಳು. ತಲೆ ದಪ್ಪೆಂದು ಬಡಿಯಿತು. ದಬ್ಬಣ ಕೂಸಿನ ಹೊಕ್ಕುಳ ಹತ್ತಿರ ಹೋಯಿತು.

ಭಾಗ್ಯಶ್ರೀ ಹಾರಿ ಬಂದು ಅದರ ಕೆಂಪು ತುದಿಯನ್ನು ಬರಿಗೈಯಲ್ಲಿ ಹಿಡಿದಳು. ಚುರ್ರೆಂದಿತು. ಸುಟ್ಟ ಚರ್ಮದ ನಾತ ಮೂಗಿಗೆ ಹೊಡೆದರೂ ಅವಳು ಕೈ ಬಿಡಲಿಲ್ಲ.

"ಸುಡು! ನನ್ನ ಸುಡು!"

ಅನ್ನವ್ವನ ಕೈ ಸಡಿಲಾಯಿತು. ಹೆತ್ತ ಮಗಳನ್ನು ನಾನೇ ಸುಟ್ಟೆನಲ್ಲ ಎಂದು ಅವಳ ಎದೆ ಒಡೆದುಹೋಯಿತು. ಚೀರಾಟ ಕೇಳಿ ಹೊಲದ ಕಡೆಯಿಂದ ಓಡಿ ಬಂದ ಶಿವಾನಂದನಿಗೆ, "ಗಾಡಿ ತಗೀಯೋ, ಹಾನಗಲ್ಲಿಗೆ ನಡಿ!" ಎಂದವಳು ಅವಳೇ.

ಹಾನಗಲ್ಲಿನ ಡಾಕ್ಟರು ಮೊದಲು ನೋಡಿದ್ದು ಹಸಿರು ಮೆತ್ತಿದ ಬಟ್ಟೆಯನ್ನು. "ಇದು ಪಲ್ಯ ಅಲ್ರಿ, ಪಿತ್ತ. ಕರಳು ತಿರುವಿಕೊಂಡಂಗ ಐತಿ. ಹನಿ ಹಾಲೂ ಹಾಕಬ್ಯಾಡ್ರಿ." ಮೂಗಿಗೆ ನಳಿಗೆ ಇಳಿಸಿ, ಸಲಾಯಿನ್ ಹಚ್ಚಿ, ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಅಟ್ಟಿದರು. ಅಲ್ಲಿ ಅಂದೇ ಹೊಟ್ಟೆ ಕೊಯ್ದು ಕರುಳಿನ ತಿರುವು ಬಿಡಿಸಿದರು. ಇನ್ನೆರಡು ತಾಸು ತಡವಾಗಿದ್ದರೆ ಕರುಳೇ ಕಪ್ಪಾಗಿ ಸತ್ತುಹೋಗುತ್ತಿತ್ತಂತೆ. ಅನ್ನವ್ವ ಆ ಮಾತನ್ನು ಗೋಡೆಗೆ ಮುಖ ಮಾಡಿ ನಿಂತು ಕೇಳಿದಳು.

ಆಪರೇಷನ್ ಆದ ಹನ್ನೆರಡನೆಯ ದಿನ ಹಾಲು ಕುಡಿದ ಕೂಸು ಒಂದಿಷ್ಟು ಕಕ್ಕಿತು. ಅನ್ನವ್ವ ಗಬಕ್ಕನೆ ಅಂಗೈ ಒಡ್ಡಿ, ಕಿಟಕಿಯ ಬೆಳಕಿಗೆ ಹಿಡಿದಳು. ಮುಂಗೈ ಮೇಲೆ ಹಲ್ಲಿನ ಗುರುತು ಇನ್ನೂ ಇತ್ತು.

"ಬೆಳ್ಳಗೈತಿ ನೋಡವ್ವಾ," ಎಂದು ಮಗಳಿಗೆ ತೋರಿಸಿದಳು.

ಭಾಗ್ಯಶ್ರೀ ಪಟ್ಟಿ ಸುತ್ತಿದ ಕೈಯಿಂದ ಆ ಅಂಗೈಯನ್ನು ತನ್ನ ಕಡೆ ಎಳೆದುಕೊಂಡು, ತಾನೂ ನೋಡಿದಳು.