ಅಂಗಾಲಿನ ನಂಬರು, ಡಬ್ಬಿಯ ನಂಬರು

ಆ ದಿನ ಬೆಳಗ್ಗೆ ಗಾಳಿಗೆ ಏನೋ ಮೆಟ್ಟಿಕೊಂಡಂತಿತ್ತು. ಮೋಡವಿಲ್ಲ, ಮಳೆಯಿಲ್ಲ, ಬರೀ ಒಣ ಗಾಳಿ. ಕಿಟಕಿ ಹಾಕಿದರೆ ತಾನೇ ತೆರೆಯುತ್ತಿತ್ತು, ತೆರೆದಿಟ್ಟರೆ ದಡಾರನೆ ಬಡಿದುಕೊಳ್ಳುತ್ತಿತ್ತು. ಎದುರು ಮನೆಯವರು ಒಣಹಾಕಿದ್ದ ಅಂಗಿಯೊಂದು ಬೀದಿ ದಾಟಿ ಹೋಗಿ ಯಾರದೋ ಛಾವಣಿಯ ಮೇಲೆ ಕೈಚಾಚಿ ಮಲಗಿತ್ತು.

ಅಕ್ಕ ಕೆಲಸದ ಮೇಜಿನ ಮುಂದೆ ಕೂತಿದ್ದಳು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತಾಳೆ. ಎಷ್ಟೋ ಜನ ಅವಳ ಕೈಯ ಹಲ್ಲಿನಲ್ಲಿ ನಗುತ್ತಿದ್ದಾರೆ, ಅವಳಿಗೆ ಅವರ ಮುಖ ಗೊತ್ತಿಲ್ಲ. ಇವತ್ತು ಮಾತ್ರ ಮೇಣದ ಮೇಲೆ ಕೂರಿಸಿದ ಹಲ್ಲು ಕೂರಿಸಿದ ಕಡೆ ನಿಲ್ಲುತ್ತಿರಲಿಲ್ಲ. ಕೋರೆಹಲ್ಲಿನ ಜಾಗಕ್ಕೆ ದವಡೆಹಲ್ಲು ಒತ್ತಿ, ನೋಡಿ, ಕಿತ್ತಳು. ಇನ್ನೊಮ್ಮೆ ಅದೇ ತಪ್ಪು ಮಾಡಿದಳು.

ಕಾಫಿ ತಂದ ಗಂಡ ಬಗ್ಗಿ ನೋಡಿದ. "ಇದನ್ನ ಹಾಕ್ಕೊಂಡೋರು ಜನರ ಮುಂದೆ ಬಾಯಿ ಬಿಡೋದು ಬೇಡ್ವೇನೆ?"

"ನೀವು ಸುಮ್ಮನಿರಿ."

"ಎದ್ದು ಹೋಗಿ ಬಾ ಮಾರಾಯ್ತಿ. ಒಂದು ಗೊಂಬೆಗೋಸ್ಕರ ಇಷ್ಟು ಒದ್ದಾಡೋ ಹೆಂಗಸನ್ನ ನಾನು ಬೇರೆ ಎಲ್ಲೂ ಕಂಡಿಲ್ಲ."

"ಗೊಂಬೆಗೋಸ್ಕರ ಅಲ್ಲ."

"ಮತ್ತೆ?"

ಅಕ್ಕ ಸ್ವಲ್ಪ ಯೋಚಿಸಿದಳು. "ಗೊಂಬೆಗೋಸ್ಕರವೇ," ಎಂದಳು.

ಆ ಗೊಂಬೆಯ ವಿಷಯ ಹೇಳಬೇಕು. ಅಕ್ಕನ ಚಿಕ್ಕಮ್ಮ ಆಟಿಕೆ ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರ ನಡೆಸುತ್ತಿದ್ದವಳು. ಅಲ್ಲಿ ಅಂಗೈ ಎತ್ತರದ ರೋಬೋಟುಗಳು ತಯಾರಾಗುತ್ತಿದ್ದವು: ಒಂದಕ್ಕೆ ಕೊಂಬು, ಒಂದಕ್ಕೆ ಚಕ್ರ, ಒಂದಕ್ಕೆ ಎದೆಯಲ್ಲಿ ಬಾಗಿಲು. ಹೊಸದೊಂದು ಬಂದಾಗಲೆಲ್ಲ ಚಿಕ್ಕಮ್ಮ ಒಂದನ್ನು ಮನೆಗೆ ತರುತ್ತಿದ್ದಳು. ಅಕ್ಕ ಚಿಕ್ಕವಳಿದ್ದಾಗ ಕಾಲು ಮುರಿದು ಚಿಕ್ಕಮ್ಮನ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಳು. ಆಗ ಚಿಕ್ಕಮ್ಮ ಸೆರಗಿನಲ್ಲಿ ಸುತ್ತಿ ತಂದದ್ದು ಹನ್ನೊಂದನೆಯದು. ಅದರ ಬಲಗೈ ಎತ್ತಿದರೆ ಕಳಚಿ ಬೀಳುತ್ತಿತ್ತು. ಅಂಗಡಿಗೆ ಹೋಗುವ ಮೊದಲೇ ಕಂಪನಿಯವರು ಅಷ್ಟನ್ನೂ ಕರಗಿಸಿಬಿಟ್ಟರು. ಉಳಿದದ್ದು ಇದೊಂದೇ. "ನಿನಗೂ ಕಾಲಿಲ್ಲ, ಇದಕ್ಕೂ ಕೈಯಿಲ್ಲ. ಇಬ್ಬರೂ ಜೊತೆಗಿರಿ," ಎಂದು ಅವಳ ದಿಂಬಿನ ಬಳಿ ಇಟ್ಟಿದ್ದಳು.

ಆಮೇಲೆ ಎಲ್ಲ ರೋಬೋಟುಗಳೂ ಚಿಕ್ಕಮ್ಮನ ಗಾಜಿನ ಬೀರು ಸೇರಿದವು. ಕೆಲವು ವರ್ಷದ ಹಿಂದೆ ಒಂದು ದಿನ ಹನ್ನೊಂದರ ಕೈ ಮತ್ತೆ ಕಳಚಿದಾಗ, ಅಲ್ಲೇ ಇದ್ದ ತಮ್ಮ ಗೊಂಬೆಯನ್ನೇ ಜೇಬಿಗೆ ಹಾಕಿಕೊಂಡ. ಅವನು ಲಿಫ್ಟ್ ಮೆಕ್ಯಾನಿಕ್. "ಸರಿ ಮಾಡಿ ಕೊಡ್ತೀನಿ," ಎಂದ. ಕೊಡಲೇ ಇಲ್ಲ. ಅಕ್ಕ ಫೋನ್ ಮಾಡಿದಾಗಲೆಲ್ಲ, "ಇನ್ನೂ ಆಗಿಲ್ಲ," ಎನ್ನುತ್ತಿದ್ದ. ಜಗಳ ಜೋರಾದರೆ ಇನ್ನೊಂದು ವಾದ ತೆಗೆಯುತ್ತಿದ್ದ: "ಅದಕ್ಕೆ ಡಬ್ಬಿ ಎಲ್ಲಿದೆ? ಡಬ್ಬಿ ಇಲ್ಲದ್ದಕ್ಕೆ ನಂಬರೂ ಇಲ್ಲ. ನಂಬರಿಲ್ಲ ಅಂದ್ರೆ ಸೊನ್ನೆ. ಸೊನ್ನೆ ಸರಿಸಂಖ್ಯೆ. ಸರಿಸಂಖ್ಯೆ ಎಲ್ಲ ನಂದು."

ಈಗ ಬೀರು ಖಾಲಿಯಾಗುವ ದಿನ ಬಂದಿತ್ತು. ಚಿಕ್ಕಮ್ಮ ಮದುವೆಯಾಗುತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ರೋಬೋಟುಗಳಿಗೆ ಕಣ್ಣು ಬರೆಯುತ್ತಿದ್ದ ಬಣ್ಣದ ಮೇಸ್ತ್ರಿ ವರ. ಇಬ್ಬರಿಗೂ ತಲೆ ನರೆತಿತ್ತು. "ಈ ವಯಸ್ಸಿಗೆ ಗಂಡ ಸಿಕ್ಕಿದಾನೆ, ಅವನ ಮನೆಯಲ್ಲಿ ಜಾಗ ಸಿಕ್ಕಿಲ್ಲ. ಬಂದು ನಿಮ್ಮ ನಿಮ್ಮ ರೋಬೋಟು ತಗೊಂಡು ಹೋಗಿ," ಎಂದು ಹೇಳಿಕಳಿಸಿದ್ದಳು. ಪಾಲಿನ ಮಾತು ತಮ್ಮನ ಹೆಂಡತಿಯ ಮೂಲಕ ಫೋನಿನಲ್ಲಿ ಮುಗಿದಿತ್ತು: ಬೆಸಸಂಖ್ಯೆ ಅಕ್ಕನಿಗೆ, ಸರಿಸಂಖ್ಯೆ ತಮ್ಮನಿಗೆ. ಹನ್ನೊಂದರ ಹೆಸರನ್ನು ಇಬ್ಬರೂ ಎತ್ತಿರಲಿಲ್ಲ. ಇವತ್ತು ತರುತ್ತಾನೋ ಇಲ್ಲವೋ? ಹಲ್ಲು ಹಲ್ಲಿನ ಜಾಗದಲ್ಲಿ ನಿಲ್ಲದೆ ಇದ್ದದ್ದು ಅದಕ್ಕೇ.

ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು, ಕೂರಲಾಗಲಿಲ್ಲ. ಒಂದು ಸ್ಟಾಪು ಮೊದಲೇ ಇಳಿದು ಗಾಳಿಗೆ ಎದುರಾಗಿ ನಡೆದಳು. ತಮ್ಮನನ್ನು ಅವಳು ನಂಬುತ್ತಿರಲಿಲ್ಲ. ಅದು ಇಂದಿನ ಮಾತಲ್ಲ. ಕಾಲು ಮುರಿದು ಮಲಗಿದ್ದಾಗ, "ಹದಿಮೂರು ಕೊಡೋ," ಎಂದರೆ ಇನ್ನಾವುದನ್ನೋ ಕೈಗಿಡುತ್ತಿದ್ದ. "ಹದಿನೇಳು ಕೊಡೋ," ಎಂದರೂ ಅದೇ ಕತೆ. ಏಳಲಾಗದವಳನ್ನು ಕಂಡು ಆಡಿಸುತ್ತಾನೆ ಎಂದು ಅವಳು ಅಳುತ್ತಿದ್ದಳು. ಅವನು ಕೊಟ್ಟದ್ದನ್ನೇ ಮತ್ತೆ ಮತ್ತೆ ಕೊಟ್ಟು, ಕೊನೆಗೆ ಬಾಗಿಲು ಬಡಿದು ಹೋಗುತ್ತಿದ್ದ. ಮನುಷ್ಯನ ಮನಸ್ಸು ಸಣ್ಣ ಮುಳ್ಳನ್ನು ಒಳಗಿಟ್ಟುಕೊಂಡು ಅದರ ಮೇಲೇ ಚರ್ಮ ಬೆಳೆಸುತ್ತದೆ. ಮುಳ್ಳು ಯಾವುದೆಂಬುದು ಮರೆತರೂ ನೋವು ಮರೆಯುವುದಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ತಮ್ಮ ಆಗಲೇ ಬಂದಿದ್ದ. ಮೈತುಂಬ ಗ್ರೀಸಿನ ವಾಸನೆ. ಕೈಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ. ಅಕ್ಕ ಒಳಗೆ ಹಣಕಿ ನೋಡಿದಳು. ನಿಜಕ್ಕೂ ಖಾಲಿ.

"ತಂದಿಲ್ವಾ?"

"ಏನನ್ನ?"

"ಏನನ್ನ ಅಂತ ಕೇಳ್ತಾನೆ ನೋಡು ಚಿಕ್ಕಮ್ಮ!"

"ಆಮೇಲೆ ಮಾತಾಡೋಣ ಕಣಕ್ಕ. ಮೊದಲು ಕೆಲಸ ಮುಗಿಸು. ಎರಡು ಗಂಟೆಗೆ ಒಂದು ಲಿಫ್ಟಿನೊಳಗೆ ಇಳೀಬೇಕು ನಾನು."

"ಇಳಿ. ಅಲ್ಲೇ ಇದ್ದುಬಿಡು."

"ಕಿತ್ತಾಡಿ, ಕಿತ್ತಾಡಿ," ಎಂದಳು ಚಿಕ್ಕಮ್ಮ, ಪಾತ್ರೆಗೆ ಕಾಗದ ಸುತ್ತುತ್ತ. "ನೀವು ಸುಮ್ಮನಿದ್ದರೆ ನನಗೆ ಇದು ನನ್ನ ಮನೆ ಅಂತಲೇ ಅನಿಸಲ್ಲ."

ಬೀರು ತೆರೆದರು. ಒಂದರಿಂದ ಹತ್ತರವರೆಗೆ ಯಾವ ತಕರಾರೂ ಬರಲಿಲ್ಲ. ಒಂದು ನನಗೆ, ಎರಡು ನಿನಗೆ, ಮೂರು ನನಗೆ. ಹನ್ನೊಂದರ ಜಾಗ ಬಂದಾಗ ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ಕಿಟಕಿ ನೋಡಿದ. ಅಲ್ಲಿಂದ ಮುಂದೆ ಎಲ್ಲ ಕೆಟ್ಟಿತು. ಕೊಂಬಿನ ರೋಬೋಟಿಗೆ ಇಬ್ಬರ ಕೈಯೂ ಒಟ್ಟಿಗೇ ಹೋಯಿತು. ಚಕ್ರದ್ದಕ್ಕೂ ಹಾಗೆಯೇ. ಎದೆಬಾಗಿಲಿನದನ್ನು ಇಬ್ಬರೂ ಹಿಡಿದು ಎಳೆದಾಗ ಬಾಗಿಲೇ ಕಿತ್ತು ಬಂತು. ಪಕ್ಕಪಕ್ಕದಲ್ಲಿದ್ದ ಕೆಲವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕರೆಯದ ಮನೆಗೆ ಬಂದ ನೆಂಟರಂತೆ ಅವು ಗೋಡೆಗೆ ಒರಗಿ ನಿಂತಿದ್ದವು.

"ಬಿಡೋ ಕೈ! ಹದಿಮೂರು ಬೆಸ ಅಲ್ವೇನೋ?"

"ಇದು ಹನ್ನೆರಡು! ಕಣ್ಣು ಕಾಣಲ್ವಾ ನಿಂಗೆ?"

"ಹಲ್ಲಿನ ಸಂದೀಲಿ ಕೂದಲೆಳೆ ನೋಡೋ ಕಣ್ಣು ನಂದು. ಕೆಳಗೆ ನೋಡು!" ಅಕ್ಕ ಗೊಂಬೆಯನ್ನು ತಲೆಕೆಳಗು ಮಾಡಿದಳು. ಅಂಗಾಲಿನಲ್ಲಿ ಉಬ್ಬಿದ ಅಂಕಿ ಸ್ಪಷ್ಟವಾಗಿತ್ತು: ಹದಿಮೂರು.

ತಮ್ಮ ಬೀರುವಿನ ಮೇಲಿಂದ ಡಬ್ಬಿ ಎಳೆದು ಧೂಳು ಊದಿದ. ಅದೇ ಕೊಂಬಿನ ರೋಬೋಟಿನ ಚಿತ್ರ, ಮೂಲೆಯಲ್ಲಿ ಅಚ್ಚಾದ ಅಂಕಿ: ಹನ್ನೆರಡು.

ಇಬ್ಬರೂ ಅಂಗಾಲು ನೋಡಿದರು, ಡಬ್ಬಿ ನೋಡಿದರು. ಚಿಕ್ಕಮ್ಮ ಒಬ್ಬಳೇ ನಗತೊಡಗಿದಳು. ನಗುನಗುತ್ತಲೇ ಅಲ್ಲಿದ್ದ ಗಂಟಿನ ಮೇಲೆ ಕೂತಳು.

"ಅಯ್ಯೋ ನನ್ನ ಕರ್ಮವೇ. ಅಂಗಾಲಿಂದು ನಮ್ಮ ಅಚ್ಚಿನ ನಂಬರು ಕಣ್ರೇ. ಡಬ್ಬಿಯದು ಅಂಗಡಿಯವರ ನಂಬರು. ಹನ್ನೊಂದನ್ನ ಕರಗಿಸಿದ್ರಲ್ಲ, ಆಗ ಡಬ್ಬಿಯವರು ಏನು ಮಾಡಿದ್ರು ಗೊತ್ತಾ? ಹತ್ತಾದ ಮೇಲೆ ಹನ್ನೆರಡು ಅಂತ ಹಾಕಿದರೆ ಮಕ್ಕಳು ಹನ್ನೊಂದೆಲ್ಲಿ ಅಂತ ಅಂಗಡೀಲಿ ಪ್ರಾಣ ತೆಗೀತಾರಲ್ಲ! ಅದಕ್ಕೇ ಹನ್ನೆರಡನೇ ಅಚ್ಚಿಗೆ ಹನ್ನೊಂದು ಅಂತ ಬರೆದ್ರು. ಅಲ್ಲಿಂದ ಕೊನೆಯವರೆಗೂ ಒಂದೊಂದು ಹಿಂದೆ ಸರೀತು. ಅಲ್ಲಿ ಬೆಸ ಆದದ್ದು ಇಲ್ಲಿ ಸರಿ."

"ಮೊದಲೇ ಹೇಳೋದಲ್ವಾ?" ಎಂದ ತಮ್ಮ.

"ನೀವು ಗೊಂಬೆಗೆ ಕಿತ್ತಾಡ್ತೀರಿ ಅಂದ್ಕೊಂಡಿದ್ದೆ. ಲೆಕ್ಕಕ್ಕೆ ಕಿತ್ತಾಡ್ತಿದ್ದೀರಿ ಅಂತ ನಂಗೇನು ಗೊತ್ತು?"

ಗಾಳಿ ಒಳನುಗ್ಗಿ ಡಬ್ಬಿಯ ಮುಚ್ಚಳವನ್ನು ಪಟಪಟ ಬಡಿಯಿತು. ಅಕ್ಕ ಹದಿಮೂರನ್ನು ಕೈಯಲ್ಲಿ ಹಿಡಿದೇ ನೆಲಕ್ಕೆ ಕೂತಳು. ಆ ಕಾಲದಲ್ಲಿ ಅವಳು ಮಲಗಿದ್ದದ್ದು ನೆಲದ ಮೇಲೆ. ತಲೆಯ ಮೇಲಿನ ಹಲಗೆಯ ಅಂಚಿನಲ್ಲಿ ರೋಬೋಟುಗಳು ಕಾಲು ಇಳಿಬಿಟ್ಟು ಕೂತಿರುತ್ತಿದ್ದವು. ಅವಳಿಗೆ ಕಾಣುತ್ತಿದ್ದದ್ದು ಅಂಗಾಲು ಮಾತ್ರ. ತಮ್ಮ ನಿಂತು ಆಡುವವನು. ಖಾಲಿ ಡಬ್ಬಿಗಳನ್ನು ಗೋಡೆಯಂತೆ ಪೇರಿಸಿ ಅದರ ಹಿಂದೆ ಅಡಗುತ್ತಿದ್ದ. ಹದಿಮೂರು ಕೊಡೋ ಎಂದರೆ ಡಬ್ಬಿ ನೋಡಿ ಹದಿಮೂರನ್ನೇ ತಂದುಕೊಡುತ್ತಿದ್ದ. ಭಗವಂತ ಒಂದೇ ಮನೆಯಲ್ಲಿ ಒಬ್ಬಳನ್ನು ಮಲಗಿಸಿದ್ದ, ಒಬ್ಬನನ್ನು ನಿಲ್ಲಿಸಿದ್ದ. ಇಬ್ಬರೂ ತಾವು ಕಂಡದ್ದನ್ನೇ ಸತ್ಯವೆಂದು ಹಿಡಿದಿದ್ದರು. ಎಣಿಕೆಗೆ ಸಿಗದವನಿಗೆ ಇದು ಆಟವಾಗಿರಬಹುದು. ಎಣಿಸುತ್ತ ಬದುಕುವವರಿಗೆ ಅದರಲ್ಲೇ ಅರ್ಧ ಆಯಸ್ಸು ಕಳೆದುಹೋಗುತ್ತದೆ.

"ನೀನು ಸರಿಯಾದ್ದನ್ನೇ ಕೊಡ್ತಿದ್ದೆ," ಎಂದಳು.

"ಯಾವಾಗ?"

"ಕಾಲು ಮುರಿದಾಗ."

ತಮ್ಮನಿಗೆ ನೆನಪಾಯಿತು. ಮೂಗು ಉಜ್ಜಿಕೊಂಡ. "ಕೊಟ್ಟದ್ದನ್ನ ಮುಖಕ್ಕೆ ಎಸೀತಿದ್ದೆ ನೀನು. ಇವಳಿಗೆ ನಾನು ಏನು ಕೊಟ್ಟರೂ ಆಗಲ್ಲ ಅಂದ್ಕೊಂಡಿದ್ದೆ."

ಅಕ್ಕ ಹದಿಮೂರನ್ನು ಅವನ ಪೆಟ್ಟಿಗೆಗೆ ಹಾಕಿದಳು. ಚಕ್ರದ್ದನ್ನೂ ಹಾಕಿದಳು, ಬಾಗಿಲು ಕಿತ್ತದ್ದನ್ನೂ ಹಾಕಿದಳು. "ಡಬ್ಬಿ ಲೆಕ್ಕವೇ ಇರಲಿ. ಡಬ್ಬೀಲಿ ಸರಿ ಅಂತ ಇರೋದೆಲ್ಲ ನೀನು ತಗೊ. ಆ ಗೋಡೆ ಹತ್ರ ಇರೋವು ನನಗೆ."

"ಅವು ಚೆನ್ನಾಗಿಲ್ಲ ಕಣಕ್ಕ. ಆ ಬೋಳುತಲೇದು ನೋಡು, ನಮ್ಮ ಮ್ಯಾನೇಜರ್ ಇದ್ದ ಹಾಗಿದೆ."

"ಇರಲಿ ಬಿಡು. ನಮ್ಮನೇಲಿ ಹಲ್ಲು ಕಟ್ಟಿ ಕೊಡ್ತೀನಿ ಅದಕ್ಕೆ."

ತಮ್ಮ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಹನ್ನೊಂದರ ಮಾತು ಈಗ ಬರುತ್ತದೆ ಎಂದು ಕಾದ. ಡಬ್ಬಿ ಲೆಕ್ಕದಲ್ಲಿ ಅದು ಇಲ್ಲ, ಕೇಳಬೇಡ ಎನ್ನಲು ವಾದ ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ ಕೇಳಲಿಲ್ಲ. ಡಬ್ಬಿ ಲೆಕ್ಕ ಒಪ್ಪಿದ ಮೇಲೆ ಅದು ತನ್ನದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ತಲೆ ಬಗ್ಗಿಸಿ ಗೊಂಬೆಗಳಿಗೆ ಕಾಗದ ಸುತ್ತುತ್ತಲೇ ಇದ್ದಳು. ತಮ್ಮ ಪೆಟ್ಟಿಗೆಗೆ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಎದ್ದು ಕಿಟಕಿಗೆ ಹೋದ, ಬಂದ.

"ಲಿಫ್ಟಿಗೆ ಹೊತ್ತಾಗಲ್ವೇನೋ?" ಎಂದಳು ಚಿಕ್ಕಮ್ಮ.

"ಹೊರಟೆ."

ಅಕ್ಕನ ಪೆಟ್ಟಿಗೆಯನ್ನೂ ಅವನೇ ಹೊತ್ತು ಮೆಟ್ಟಿಲಿಳಿದ. ಕೆಳಗೆ ಸ್ಕೂಟರಿನ ಹತ್ತಿರ ಅದನ್ನಿಳಿಸಿದ. ಗಾಳಿಗೆ ಇಬ್ಬರ ಕಣ್ಣಲ್ಲೂ ಧೂಳು.

"ಇನ್ನು ಫೋನ್ ಮಾಡಲ್ವಾ ನೀನು?" ಎಂದ, ಸ್ಕೂಟರಿನ ಕನ್ನಡಿ ಒರೆಸುತ್ತ.

"ಯಾಕೋ ಹಾಗಂತೀಯ?"

"ಅಲ್ಲ, ಬಯ್ಯೋಕಾದ್ರೂ ಮಾಡ್ತಿದ್ದೆಯಲ್ಲ."

"ಭಾನುವಾರ ಮನೆಗೆ ಬಾ," ಎಂದಳು ಅಕ್ಕ. "ಹೆಂಡತೀನೂ ಕರ್ಕೊಂಡು ಬಾ. ಬಯ್ಯೋದು ಬೇಕಾದಷ್ಟಿದೆ."

ತಮ್ಮ ತಲೆಯಾಡಿಸಿದ. ಆಮೇಲೆ ಅಂಗಿಯ ಒಳಜೇಬಿಗೆ ಕೈ ಹಾಕಿ, ಒಗೆದು ಮಡಿಚಿದ್ದ ಒಂದು ಬಟ್ಟೆಯ ತುಂಡನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಬಿಚ್ಚಿದಳು. ಹನ್ನೊಂದು. ಬಲಗೈ ಎತ್ತಿ ನೋಡಿದಳು, ಅದು ಬೀಳದೆ ನಿಂತಿತು. ಭುಜದೊಳಗೆ ಅವನು ಕೂರಿಸಿದ್ದ ಸಣ್ಣ ಸ್ಪ್ರಿಂಗಿಗೆ ಆಗಲೇ ವರ್ಷಗಳ ತುಕ್ಕು ಹಿಡಿದಿತ್ತು. ಅವಳು ತಲೆಯೆತ್ತುವಷ್ಟರಲ್ಲಿ ತಮ್ಮ ಬೆನ್ನು ತಿರುಗಿಸಿ ಸ್ಕೂಟರು ಒದೆಯುತ್ತಿದ್ದ.