ಗುಲಾಬಿ ಮುಚ್ಚಿದ ಚೂರುಗಳು

ಅದಿರಿನ ದುಡ್ಡು ಬಂದ ಮೇಲೆ ಹೊಸಪೇಟೆಯ ಮದುವೆಗಳಿಗೆ ಹುಚ್ಚು ಹಿಡಿದಿತ್ತು. ಸಂಡೂರಿನ ಲಾರಿ ಮಾಲೀಕರು ವಿಡಿಯೊ ತೆಗೆಯುವ ಮಾರೇಶನಿಗೆ ಹೇಳುತ್ತಿದ್ದುದು ಒಂದೇ ಮಾತು: "ಎಫೆಕ್ಟ್ ಜೋರಿರ್ಲಿ!" ಮಾರೇಶ ಕಂಪ್ಯೂಟರಿನಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸಿ, ಎಲ್ಲವನ್ನೂ ಒಟ್ಟಿಗೆ ಆಯ್ದು, ಒಂದೇ ಏಟಿಗೆ ಟ್ರಾನ್ಸಿಷನ್ ಹಾಕಿಬಿಡುತ್ತಿದ್ದ. ಒಂದು ದೃಶ್ಯ ಮುಗಿದು ಇನ್ನೊಂದು ಬರುವ ಕಡೆಯೆಲ್ಲ ಗುಲಾಬಿ ಅರಳುತ್ತಿತ್ತು, ಬೀಗರ ಬೊಕ್ಕತಲೆಯ ಮೇಲೂ.

ಗುಲಾಬಿಯಿಂದ ಇನ್ನೊಂದು ಉಪಕಾರವಿತ್ತು. ಲೈಟ್ ಹಿಡಿಯುತ್ತಿದ್ದವಳು ಹೆಂಡತಿ ರೇಣುಕಮ್ಮ. ಕ್ಯಾಮೆರಾ ನಿಲ್ಲಿಸುವ ಹೊತ್ತಿಗೆ ಅವಳು ಅಡ್ಡ ಬಂದುಬಿಡುತ್ತಿದ್ದಳು. ಆ ಕೊನೆಯ ಚೂರನ್ನು ಹೂವು ಮುಚ್ಚುತ್ತಿತ್ತು. ಅವಳ ಮಾತನ್ನು ಮೇಲೆ ಹಾಕಿದ ಹಾಡು ಮುಚ್ಚುತ್ತಿತ್ತು.

ಹೋದ ಮಳೆಗಾಲ ಜ್ವರ ಬಂದು ಅವಳು ತೀರಿಕೊಂಡಳು. ಈಗ ಮಾರೇಶ ಅಂಗಡಿಯಲ್ಲೂ ಒಬ್ಬನೇ, ಊಟಕ್ಕೂ ಒಬ್ಬನೇ. ಲೈಟಿಗೆ ಒಂದು ಸ್ಟ್ಯಾಂಡ್ ಕೊಂಡಿದ್ದ. ಅದು ನಿಲ್ಲಿಸಿದ ಕಡೆ ತುಟಿಪಿಟಕ್ಕೆನ್ನದೆ ನಿಲ್ಲುತ್ತಿತ್ತು. ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಮ್ಮಿಗನೂರಿನಿಂದ ಅತ್ತೆ ತಾಯಕ್ಕ ಬಸ್ಸು ಹಿಡಿದು ಬಂದಳು. "ಊರಾಗಿನೋರ ಮದುವಿ ಎಲ್ಲಾ ತಗದೀರಿ, ಅಳಿಯಾ. ನನ್ನ ಮಗಳು ಓಡಾಡೋದು ಒಂದ್ಸಲ ತೋರಿಸ್ರಿ, ಸಾಕು."

ಮಾರೇಶ ಕಂಪ್ಯೂಟರಿನ ಮುಂದೆ ಕೂತ. ಹಳೆಯ ಟೇಪುಗಳ ಮೇಲೆಲ್ಲ ಹೊಸ ಮದುವೆಗಳನ್ನು ತೆಗೆದಾಗಿತ್ತು. ಕಂಪ್ಯೂಟರಿನಲ್ಲಿ ಅಳಿಸದೆ ಉಳಿದಿದ್ದ ಕೆಲವನ್ನು ತೆರೆದು, ಹೂವು ಸರಿಸಿ ಸರಿಸಿ, ಅವಳು ಕಂಡ ಚೂರುಗಳನ್ನಷ್ಟೇ ಆಯ್ದು ಸಾಲಾಗಿ ಇಟ್ಟ. ಒಂದೊಂದೂ ಕಣ್ಣು ಮಿಟುಕಿಸುವಷ್ಟು ಚಿಕ್ಕದು. ಕೈಗೆ ಅಂಟಿದ ಅಭ್ಯಾಸ ಬಿಟ್ಟೀತೆ? ಎಲ್ಲವನ್ನೂ ಒಟ್ಟಿಗೆ ಆಯ್ದು ಟ್ರಾನ್ಸಿಷನ್ ಹಾಕಿಯೇಬಿಟ್ಟ.

ಪರದೆಯ ತುಂಬ ಗುಲಾಬಿಯೋ ಗುಲಾಬಿ.

"ಎಲ್ಲದಾಳ್ರಿ ನನ್ನ ಮಗಳು?" ತಾಯಕ್ಕ ಕೇಳಿದಳು.

ಮಾರೇಶ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದ. ಒಂದು ಹೂವು ಅರಳುವಷ್ಟು ಹೊತ್ತು ಕೂಡ ಅವಳು ಯಾವ ಚೂರಿನಲ್ಲೂ ಇರಲಿಲ್ಲ. ಹೂವುಗಳನ್ನೆಲ್ಲ ಕಿತ್ತುಹಾಕಿ, ಬರಿಯ ಚೂರುಗಳನ್ನೇ ಓಡಿಸಿದ. ಹಸಿರು ಸೀರೆಯ ರೇಣುಕಮ್ಮ ತಟಕ್ಕನೆ ನೀಲಿ ಸೀರೆಯವಳಾದಳು. ಕಂಪ್ಲಿಯ ಚಪ್ಪರದಿಂದ ಡ್ಯಾಮಿನ ಕ್ವಾರ್ಟರ್ಸಿಗೆ ಹಾರಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ನಕ್ಕಳು. ತಾಯಕ್ಕ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಕೊನೆಯ ಚೂರಿನಲ್ಲಿ, ಹಾಡು ಇಲ್ಲದ್ದರಿಂದ, ರೇಣುಕಮ್ಮನ ದನಿ ಕೇಳಿತು: "ಲೈಟ್ ಆರಿಸ್ಲೇನ್ರಿ? ಹೊಟ್ಟಿ ಭಾಳ ಹಸದೈತಿ."

ಅಲ್ಲಿಗೆ ಮುಗಿಯಿತು.

ತಾಯಕ್ಕ ಅಳಿಯನ ಕಡೆ ತಿರುಗಿದಳು. "ಆಮ್ಯಾಲೆ ಉಂಡ್ಲೇನ್ರಿ?"

ಅದು ಯಾರ ಮದುವೆಯೋ, ಆಮೇಲೆ ಏನಾಯಿತೋ, ಎಷ್ಟು ತಿಣುಕಿದರೂ ಮಾರೇಶನಿಗೆ ನೆನಪಾಗಲಿಲ್ಲ.

"ಉಂಡ್ಲು, ಅತ್ತಿ," ಅಂದ. "ಹೊಟ್ಟಿ ತುಂಬ ಉಂಡ್ಲು."