ಶನಿವಾರದ ಪ್ರಶ್ನೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಒಂದು ರಟ್ಟಿಗೆ ಅಂಟು ಬಳಿದು ಮುಗಿಸಿದ್ದೆ. ಆಗ ಫೋನು ಬಂತು. ಭಾವಮೈದನ ಮಗಳು.

“ಮಾವ, ಅಪ್ಪ ಎದ್ದಿಲ್ಲ.”

“ಎಬ್ಬಿಸಮ್ಮ. ಇವತ್ತು ಹೊಲಿಗೆ ಬಹಳ ಇದೆ.”

“ಇಲ್ಲ ಮಾವ. ಎದ್ದಿಲ್ಲ. ಡಾಕ್ಟರು ಬಂದು ನೋಡಿ ಹೋದ್ರು. ನಿದ್ದೆಯಲ್ಲೇ ಆಗಿದೆಯಂತೆ.”

ಆಗ ತಿಳಿಯಿತು. ಫೋನು ಕೆಳಗಿಟ್ಟ ಮೇಲೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಅಂಟು ಒಣಗಿಬಿಡುತ್ತದೆ ಎಂದು ಆ ರಟ್ಟಿಗೆ ಬಟ್ಟೆ ಎಳೆದು, ನಾಲ್ಕು ಮೂಲೆ ಮಡಿಸಿ, ಒತ್ತುಯಂತ್ರದ ಕೆಳಗಿಟ್ಟು ತಿರುಪು ಬಿಗಿ ಮಾಡಿ, ಆಮೇಲೆ ಚಪ್ಪಲಿ ಮೆಟ್ಟಿದೆ. ನಲವತ್ತೊಂದು ವರ್ಷದ ಅಭ್ಯಾಸ. ಕೈಗಳಿಗೆ ಸಾವಿನ ಸುದ್ದಿ ತಡವಾಗಿ ಮುಟ್ಟುತ್ತದೆ.

ನಾವಿಬ್ಬರೂ ಪುಸ್ತಕ ಬೈಂಡಿಂಗ್ ಮಾಡುವವರು. ಅವನು ನನ್ನ ಹೆಂಡತಿಯ ತಮ್ಮ. ಹೊಲಿಗೆ ಅವನದು, ಅಂಟು, ರಟ್ಟು, ಬಟ್ಟೆ ನನ್ನದು. ಅಂಗಡಿಯೆಂದರೆ ಒಂದೇ ಉದ್ದನೆಯ ಕೋಣೆ. ಕಿಟಕಿಯ ಬಳಿ ಅವನ ಸ್ಟೂಲು, ಒಳಗೋಡೆಗೆ ನನ್ನ ಮೇಜು. ಬೆಳಕು ಬೇಕಾಗಿದ್ದುದು ಅವನಿಗೆ. ದೇವರನ್ನು ನಂಬಿದವನು ನಾನು, ಅವನು ನಂಬುತ್ತಿರಲಿಲ್ಲ. ಆದರೆ ಬರುತ್ತಿದ್ದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಚರ್ಚಿನದೇ: ಹಾಡಿನ ಪುಸ್ತಕ, ಪ್ರಾರ್ಥನೆಯ ಪುಸ್ತಕ, ಜ್ಞಾನಸ್ನಾನದ ದಾಖಲೆ. ಹೀಗಾಗಿ ನಮ್ಮ ಜನ ಭಾನುವಾರ ಕೈಯಲ್ಲಿ ಹಿಡಿಯುವ ಪುಸ್ತಕಗಳ ಒಂದೊಂದು ಹೊಲಿಗೆಯೂ ದೇವರಿಲ್ಲ ಎನ್ನುವವನದು. ಪಾದ್ರಿಗಳಿಗೆ ಇದು ಗೊತ್ತಿತ್ತು. “ಬಿಚ್ಚಿಕೊಳ್ಳಲ್ಲವಲ್ಲ, ಅಷ್ಟು ಸಾಕು” ಎನ್ನುತ್ತಿದ್ದರು.

ಹದಿನಾರು ಪುಟದ ಒಂದು ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಬೆನ್ನಿಗೆ ಹೊಲಿಯಬೇಕು. ಕ್ರಮ ಸರಿಯಿದೆಯೇ ಎಂದು ನೋಡಲು ಬೇರೆಯವರು ಪುಟದ ಅಂಕಿ ನೋಡುತ್ತಾರೆ. ಅವನು ಒಂದು ಫಾರಮ್ಮಿನ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಕೂಡಿಸಿ ಓದುತ್ತಿದ್ದ. ಅಂಕಿ ಸುಳ್ಳು ಹೇಳಬಹುದು, ವಾಕ್ಯ ಹೇಳುವುದಿಲ್ಲ ಎಂದು ಅವನ ನಂಬಿಕೆ. ಅದರಿಂದ ಪ್ರಾರ್ಥನೆಯ ಪುಸ್ತಕ ಅವನಿಗೆ ಬಾಯಿಪಾಠವಾಗಿತ್ತು, ಮಡಿಕೆಯ ಅಂಚುಗಳಲ್ಲಿ ಮಾತ್ರ.

“ಭಾವ, ಆರನೇ ಫಾರಂ ‘ದಾರಿ ತಪ್ಪಿದವರನ್ನು’ ಅಂತ ಮುಗಿಯುತ್ತೆ. ಏಳನೇದು ‘ಬೆಳಕಿಗೆ ಕರೆದುಕೊಂಡು ಬಾ’ ಅಂತ ಶುರು. ಮಧ್ಯೆ ನಾನು ದಾರ ಹಾಕದಿದ್ರೆ ಪಾಪ, ಅವರೆಲ್ಲ ದಾರಿಯಲ್ಲೇ ಉಳೀತಾರೆ.”

ಮೊದಲ ವರ್ಷಗಳಲ್ಲಿ ನಾವು ಬಹಳ ಜಗಳವಾಡಿದೆವು. ಅವನಿಗೆ ಯಾವಾಗಲೋ ಏನೋ ಪೆಟ್ಟು ಬಿದ್ದಿದೆ, ಅದಕ್ಕೇ ದೇವರ ಮೇಲೆ ಮುನಿಸು ಎಂದು ನಾನು ತಿಳಿದಿದ್ದೆ. ನಾನು ಹೆದರಿಕೆಯಿಂದ ಮೊಣಕಾಲೂರುವವನು ಎಂದು ಅವನು ತಿಳಿದಿದ್ದ. ಒಂದು ದಿನ ಇಂಥದೇ ಜಗಳ ಜೋರಾಗಿ, ಅವನು ಅಂಚಿನ ಸಾಲು ಓದದೆಯೇ ಹೊಲಿದ. ನಾನೂ ನೋಡದೆ ರಟ್ಟು ಹಾಕಿದೆ. ಹನ್ನೆರಡು ಪ್ರತಿಗಳಲ್ಲಿ ಮದುವೆಯ ವಿಧಿಯ ನಡುವೆ ಶವಸಂಸ್ಕಾರದ ಫಾರಂ ಸೇರಿಹೋಯಿತು. ಮುಂದಿನ ವಾರ ಚರ್ಚಿನಲ್ಲಿ ಮದುವೆ. ಪಾದ್ರಿಗಳು “ಇಂದಿನಿಂದ ಇವರಿಬ್ಬರೂ” ಎಂದು ಓದಿ ಪುಟ ತಿರುವಿದರು. ಓದುವ ರಭಸದಲ್ಲಿ “ಮಣ್ಣಿನಲ್ಲಿ ನೆಮ್ಮದಿಯಾಗಿ ಮಲಗಲಿ” ಎಂದೂ ಓದಿಯೇಬಿಟ್ಟರು. ಮದುಮಗನ ಅಜ್ಜಿ ಗಟ್ಟಿಯಾಗಿ “ಆಮೆನ್” ಎಂದರು.

ಹನ್ನೆರಡನ್ನೂ ಬಿಚ್ಚಿ ಮತ್ತೆ ಹೊಲಿಯುತ್ತ ಅವನು ಹೇಳಿದ: “ಭಾವ, ದೇವರು ಇದ್ರೂ ಇಲ್ದಿದ್ರೂ ಗಿರಾಕಿಗಳಂತೂ ಇದ್ದಾರೆ. ಇದಕ್ಕೊಂದು ಕಟ್ಟು ಹಾಕೋಣ.”

ಹಾಕಿದ ಕಟ್ಟು ಇಷ್ಟು. ಶನಿವಾರ ನಾಲ್ಕು ಗಂಟೆಗೆ ಕೆಲಸ ನಿಲ್ಲಿಸಿ ಚಹಾ ಕುಡಿಯುವುದು. ಒಂದು ವಾರ ಕೇಳುವ ಸರದಿ ಅವನದು, ಮುಂದಿನ ವಾರ ನನ್ನದು. ಒಂದು ಪ್ರಶ್ನೆ, ಒಂದು ಉತ್ತರ, ವಾದ ಇಲ್ಲ. ಉತ್ತರ ತೋಚದಿದ್ದರೆ ಒಂದು ವಾರದ ವಾಯಿದೆ. ಸುಳ್ಳು ಹೇಳಬಾರದು.

ಕೇಳಲು ಶುರು ಮಾಡಿದ ಮೇಲೆ ಇವನ ವಿಚಾರ ನನಗೇನೂ ಗೊತ್ತಿರಲಿಲ್ಲ ಎಂದು ತಿಳಿಯಿತು. ನಿನಗೆ ಯಾವಾಗ ನೋವಾಯಿತು ಎಂದು ಕೇಳಿದ್ದೇ ನನ್ನ ಮೊದಲ ಪ್ರಶ್ನೆ. “ನೋವೇ ಆಗಿಲ್ಲ ಭಾವ,” ಎಂದ. “ಇಪ್ಪತ್ತು ವರ್ಷದವನಿದ್ದಾಗ ಒಂದು ಭಾನುವಾರ ಚರ್ಚಿನಲ್ಲಿ ಕೂತು ಕೇಳಿಸಿಕೊಂಡೆ. ಆ ಕಡೆ ಯಾರೂ ಇದ್ದ ಹಾಗೆ ಅನ್ನಿಸಲಿಲ್ಲ. ಅಳು ಬರಲಿಲ್ಲ. ಹಸಿವಾಗಿತ್ತು, ಮನೆಗೆ ಹೋಗಿ ಊಟ ಮಾಡಿದೆ.” ನನಗೆ ಎಷ್ಟೋ ದಿನ ಅದು ಅರಗಲಿಲ್ಲ. ಗಾಯವಿದ್ದರೆ ಮದ್ದು ಹುಡುಕಬಹುದು. ಗಾಯವೇ ಇಲ್ಲದವನಿಗೆ ಏನು ಮಾಡುವುದು?

ಅವನ ಸರದಿಯಲ್ಲಿ, “ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ತೀರಲ್ಲ, ಒಳಗೆ ಏನು ಕಾಣಿಸುತ್ತೆ?” ಎಂದು ಕೇಳಿದ. ಸುಳ್ಳು ಹೇಳುವಂತಿರಲಿಲ್ಲ. “ಅರ್ಧ ಹೊತ್ತು ಅಂಟಿನ ಡಬ್ಬ ಕಾಣಿಸುತ್ತೆ,” ಎಂದೆ. ಚಹಾ ಮೂಗಿಗೆ ಹತ್ತುವಷ್ಟು ನಕ್ಕ. ಆಮೇಲೆ ಮೆಲ್ಲಗೆ, “ಮಿಕ್ಕರ್ಧ?” ಎಂದ. ಅದು ಎರಡನೆಯ ಪ್ರಶ್ನೆ, ಮುಂದಿನ ಸರದಿಗೆ ಇಟ್ಟುಕೋ ಎಂದೆ. ಮರೆಯದೆ ಇಟ್ಟುಕೊಂಡ. ಮಿಕ್ಕರ್ಧ ಹೊತ್ತು ಏನೂ ಕಾಣಿಸುವುದಿಲ್ಲ, ಆದರೆ ಕೋಣೆಯಲ್ಲಿ ಇನ್ನೊಬ್ಬರು ಕೂತಿದ್ದಾರೆಂದು ಬೆನ್ನಿಗೆ ಗೊತ್ತಾಗುತ್ತದಲ್ಲ, ಹಾಗಿರುತ್ತದೆ ಎಂದೆ. “ಹೆದರಿಕೆ ಆಗಲ್ವಾ?” “ಇಲ್ಲ, ನಿನ್ನ ಕಡೆ ಬೆನ್ನು ಹಾಕಿ ಕೂತಿದ್ದಾಗ ಹೆದರಿಕೆ ಆಗುತ್ತಾ?” ಅವನು ದಾರಕ್ಕೆ ಮೇಣ ತಿಕ್ಕತೊಡಗಿದ.

ಸೂಜಿ ಚುಚ್ಚಿದಾಗಲೆಲ್ಲ ಅವನು “ದೇವರೇ” ಎನ್ನುತ್ತಿದ್ದ. ಯಾರನ್ನು ಕರೆಯುತ್ತೀ ಎಂದು ಕೇಳಿದೆ. “ಮನೆ ಬದಲಾಯಿಸಿದ ಮೇಲೂ ಕತ್ತಲಲ್ಲಿ ಕೈ ಹಳೇ ಮನೆ ಸ್ವಿಚ್ಚನ್ನೇ ತಡಕುತ್ತೆ ಭಾವ. ಅಷ್ಟೇ.” ಇನ್ನೊಮ್ಮೆ, ಒಳ್ಳೆಯದಾದಾಗ ಯಾರಿಗೆ ಕೃತಜ್ಞತೆ ಹೇಳುತ್ತೀ ಎಂದೆ. ಅದಕ್ಕೆ ಅವನು ವಾಯಿದೆ ಕೇಳಿದ. ಮುಂದಿನ ವಾರ ಹೇಳಿದ: ಮಗಳು ಹುಟ್ಟಿದ ದಿನ ಎದೆ ತುಂಬಿ ಬಂದು ಯಾರಿಗೆ ಹೇಳುವುದೋ ತಿಳಿಯಲಿಲ್ಲವಂತೆ. ಡಾಕ್ಟರಿಗೆ, ನರ್ಸಿಗೆ, ನೆಲ ಒರೆಸುವವಳಿಗೆ, ಕೊನೆಗೆ ಗೇಟಿನ ವಾಚ್‌ಮನ್ನಿಗೂ ಕೈ ಮುಗಿದನಂತೆ. “ವಾಚ್‌ಮನ್ ಹೆದರಿ ಒಳಗೆ ಹೋದ. ಆ ವಿಷಯದಲ್ಲಿ ನಿಮಗೆ ಸುಲಭ ಭಾವ, ಒಂದೇ ವಿಳಾಸ.”

ಒಂಬತ್ತು ವರ್ಷದ ಹಿಂದೆ ಅವನ ಹೃದಯಕ್ಕೆ ತೊಂದರೆಯಾಗಿ ಆಸ್ಪತ್ರೆಯಿಂದ ಬಂದ. ಬಂದವನೇ ನನ್ನಿಂದ ಒಂದು ಮಾತು ತೆಗೆದುಕೊಂಡ. “ನಾನು ಹೋದಾಗ ನನಗೋಸ್ಕರ ಪ್ರಾರ್ಥನೆ ಮಾಡಬೇಡಿ ಭಾವ. ಮಣ್ಣು ಮಾಡೋ ಕಡೆನೂ ಬೇಡ, ಮನಸ್ಸಲ್ಲೂ ಬೇಡ. ಬದುಕಿರೋವಾಗ ನಾನು ಹೇಳಿದ್ದನ್ನೆಲ್ಲ ಸತ್ತ ಮೇಲೆ ನೀವು ಹೊದಿಕೆ ಹಾಕಿ ಮುಚ್ಚಿದ ಹಾಗಾಗುತ್ತೆ.” ಕೊಟ್ಟೆ. ಕೊಡುವಾಗ ಅಷ್ಟು ಕಷ್ಟವಾಗಲಿಲ್ಲ. ನಾನು ಅವನಿಗಿಂತ ಎಂಟು ವರ್ಷ ದೊಡ್ಡವನು, ಮೊದಲು ಹೋಗುವವನು ನಾನೇ ಎಂದುಕೊಂಡಿದ್ದೆ.

ಅವನು ತೀರಿಕೊಳ್ಳುವ ಮುಂಚಿನ ಶನಿವಾರ ಅವನ ಸರದಿ. ಚಹಾದ ಲೋಟ ಕೆಳಗಿಟ್ಟು ಕೇಳಿದ: “ನೀವು ಮಾತಿಗೆ ತಪ್ಪಲ್ಲ, ಗೊತ್ತು. ಆದ್ರೂ ಕುತೂಹಲ. ಆ ಮಾತು ಕೊಟ್ಟಿಲ್ಲದಿದ್ರೆ, ನನ್ನ ಬಗ್ಗೆ ದೇವರ ಹತ್ರ ಏನಂತ ಕೇಳ್ಕೊಳ್ತಿದ್ರಿ?”

“ಒಂದು ವಾರ ಕೊಡು” ಎಂದೆ.

“ತಗೊಳ್ಳಿ ಭಾವ. ನಾನೆಲ್ಲಿ ಓಡಿಹೋಗ್ತೀನಿ.”

ಆ ವಾರವೆಲ್ಲ ಅಂಟು ಕಲಸುತ್ತ ಉತ್ತರ ಹುಡುಕಿದೆ. ‘ಅವನ ಕಣ್ಣು ತೆರೆಸು’ ಎನ್ನೋಣವೇ? ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವನು ನಗುತ್ತಾನೆ. ‘ಅವನನ್ನು ಕ್ಷಮಿಸು’ ಎನ್ನೋಣವೇ? ಏನನ್ನು? ನಲವತ್ತೊಂದು ವರ್ಷದಲ್ಲಿ ಅವನು ಒಬ್ಬರಿಗೂ ಸಡಿಲ ಹೊಲಿಗೆ ಹಾಕಿಕೊಟ್ಟವನಲ್ಲ. ಬುಧವಾರ ಸಂಜೆಯವರೆಗೂ ಸಿಕ್ಕಿರಲಿಲ್ಲ. ಗುರುವಾರ ಫೋನು ಬಂತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಇಬ್ಬರೂ ಅವನ ಮನೆಗೆ ಹೋದೆವು. ತಮ್ಮನ ತಲೆಯ ಬಳಿ ಕೂತವಳೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದಳು. ನಾನು ಅವಳ ಭುಜ ಮುಟ್ಟಿದೆ.

“ಅವನಿಗೆ ಬೇಡವಾಗಿತ್ತು ಕಣೇ.”

“ಮಾತು ಕೊಟ್ಟಿದ್ದು ನೀವು. ನನ್ನ ಹತ್ರ ಮಾತು ಕೇಳೋ ಧೈರ್ಯ ಅವನಿಗೆಲ್ಲಿತ್ತು? ಕೇಳಿದ್ರೆ ಕಿವಿ ಹಿಂಡ್ತಿದ್ದೆ,” ಎಂದು ಕಣ್ಣು ಒರೆಸಿಕೊಂಡು ಮುಂದುವರಿಸಿದಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಪಾದ್ರಿಗಳು ಸಾದಾ ಅಂಗಿ ತೊಟ್ಟು ಬಂದರು. ನನ್ನನ್ನು ವರಾಂಡಕ್ಕೆ ಕರೆದು, “ಮನಸ್ಸಲ್ಲೇ ಹೇಳಿಕೊಳ್ಳಿ, ಯಾರಿಗೆ ಗೊತ್ತಾಗುತ್ತೆ?” ಎಂದರು. “ಮನಸ್ಸಲ್ಲೂ ಬೇಡ ಅಂದಿದ್ದ, ಫಾದರ್. ಯಾರಿಗೂ ಗೊತ್ತಾಗಲ್ಲ ಅಂತ ನೀವೇ ಹೇಳಿದರೆ ಹೇಗೆ?” ಎಂದೆ. ಅವರು ನನ್ನ ಕೈಯನ್ನೊಮ್ಮೆ ಒತ್ತಿ ಒಳಗೆ ಹೋದರು.

ಶುಕ್ರವಾರ ಸಾರ್ವಜನಿಕ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಯಾರೂ ಏನೂ ಓದಲಿಲ್ಲ. ಚರ್ಚಿನಿಂದ ಬಂದವರ ಕೈಗಳು ತಾವಾಗಿ ಕೂಡಿಕೊಂಡು, ಅವನ ಮಾತು ನೆನಪಾಗಿ, ಬಿಟ್ಟುಕೊಂಡವು. ಮತ್ತೆ ಎಲ್ಲಿಡಬೇಕೆಂದು ತಿಳಿಯದೆ ಕೆಲವರು ಜೇಬಿಗಿಟ್ಟುಕೊಂಡರು. ನಾನು ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ನಿಂತೆ. ಮನಸ್ಸು ಓಡಿದಾಗಲೆಲ್ಲ ಎಳೆದು ತಂದು, ಪೆಟ್ಟಿಗೆಯ ಮೊಳೆಗಳನ್ನು ಎಣಿಸಲು ಹಚ್ಚಿದೆ. ಅಷ್ಟು ಕಷ್ಟದ ಗಂಟೆಯನ್ನು ನಾನು ಕಂಡಿಲ್ಲ.

ಶನಿವಾರ ಅಂಗಡಿ ತೆರೆಯುವ ಮನಸ್ಸಿರಲಿಲ್ಲ. ನಾಲ್ಕು ಗಂಟೆಗೆ ಕಾಲುಗಳು ತಾವಾಗಿ ಅತ್ತ ನಡೆದವು. ಕಿಟಕಿಯ ಬಳಿ ಹೊಲಿಗೆಯ ಚೌಕಟ್ಟಿನಲ್ಲಿ ಪ್ರಾರ್ಥನೆಯ ಪುಸ್ತಕವೊಂದು ಅರ್ಧ ಹೊಲಿದು ನಿಂತಿತ್ತು. ಕೊನೆಯ ಫಾರಮ್ಮಿನಿಂದ ದಾರ ನೇತಾಡುತ್ತಿತ್ತು, ಸೂಜಿ ಅದರಲ್ಲೇ.

ಅವನ ಮಗಳು ಬಂದಳು. ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಪ್ಪನ ಹಾಗೆಯೇ, ಚರ್ಚಿನ ಮೆಟ್ಟಿಲು ಹತ್ತುವವಳಲ್ಲ. ಎರಡು ಲೋಟ ಚಹಾ ತಂದಿದ್ದಳು.

“ಅಪ್ಪ ವಾರವೆಲ್ಲ ಒಂದೇ ಮಾತು ಮಾವ. ‘ಶನಿವಾರ ಭಾವ ಏನ್ ಹೇಳ್ತಾರೋ ನೋಡ್ಬೇಕು’ ಅಂತ. ಪ್ರಶ್ನೆ ಏನು ಅಂದ್ರೆ ಹೇಳಲಿಲ್ಲ. ಏನಿತ್ತು?”

ಹೇಳಿದೆ. ಅವಳು ಅಪ್ಪನ ಸ್ಟೂಲಿನ ಮೇಲೆ ಕೂತಳು.

“ಉತ್ತರ ಸಿಕ್ಕಿತಾ?”

“ನಿನ್ನೆ ಮನೆಗೆ ವಾಪಸ್ಸು ಬರೋ ದಾರಿಯಲ್ಲಿ ಸಿಕ್ಕಿತು. ಅದನ್ನ ಬಾಯಿಬಿಟ್ಟು ಹೇಳಿದ್ರೆ ನನಗೆ ಅದು ಪ್ರಾರ್ಥನೆನೇ ಆಗುತ್ತಮ್ಮ. ಸುಮ್ಮನೆ ಉದಾಹರಣೆಗೆ ಅಂತ ಹೇಳೋಕೆ ನನಗೆ ಬರಲ್ಲ. ಮಾತು ಕೊಟ್ಟಿದ್ದೀನಿ.”

ಅವಳು ನೇತಾಡುವ ದಾರವನ್ನು ಬೆರಳಿನಿಂದ ನೇರ ಮಾಡಿದಳು.

“ಅಪ್ಪ ಒಪ್ಪಿಗೆ ಕೊಟ್ರು ಅಂತ ನಾನು ಹೇಳಲ್ಲ ಮಾವ. ಕೊಟ್ಟಿದ್ರೋ ಇಲ್ವೋ, ನನಗೆ ಗೊತ್ತಿಲ್ಲ. ಆದ್ರೆ ಬೇಡ ಅಂದಿದ್ದು ಒಂಬತ್ತು ವರ್ಷದ ಹಿಂದೆ. ಕೇಳಿದ್ದು ಹೋದ ಶನಿವಾರ. ಅಪ್ಪ ಕೇಳಿದ ಪ್ರಶ್ನೆಗೆ ನೀವು ಯಾವತ್ತಾದ್ರೂ ಉತ್ತರ ಕೊಡದೆ ಬಿಟ್ಟಿದ್ದು ಉಂಟಾ?”

“ಇಲ್ಲ.”

“ಹಾಗಾದ್ರೆ ಇಲ್ಲಿ ಕೂತು ನಾನು ಕೇಳಿಸ್ಕೊಳ್ತೀನಿ. ಕಣ್ಣು ಮುಚ್ಚಲ್ಲ, ಆಮೆನ್ ಅನ್ನಲ್ಲ. ವಾದನೂ ಮಾಡಲ್ಲ. ನನಗೂ ಕುತೂಹಲ ಇದೆ.”

ಇದು ಮಾತಿಗೆ ತಪ್ಪುವುದೋ ಉಳಿಸಿಕೊಳ್ಳುವುದೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ತಪ್ಪಾದರೆ ಹೊಣೆ ನನ್ನದು. ಆದರೆ ಉತ್ತರಕ್ಕೆ ಕಾದು ಕೂತವನನ್ನು ಹಾಗೆಯೇ ಕಾಯಲು ಬಿಡುವುದು ನನ್ನ ಕೈಲಾಗಲಿಲ್ಲ. ಅವಳು ಅಂಚಿನ ಸಾಲುಗಳನ್ನು ತುಟಿಯಲ್ಲೇ ಓದಿ ನೋಡಿ, ಅಪ್ಪ ಬಿಟ್ಟ ಸೂಜಿಯನ್ನು ಕೈಗೆ ತೆಗೆದುಕೊಂಡಳು. ನಾನು ಒಳಗೋಡೆಯ ಕಡೆ ತಿರುಗಿದೆ. ಬೆನ್ನ ಹಿಂದೆ ಕಿಟಕಿಯ ಬಳಿ ದಾರ ಎಳೆಯುವ ಸದ್ದು ಕೇಳಿಸಿತು. ಕಣ್ಣು ಮುಚ್ಚಿದೆ. ಮೊದಲು ಅಂಟಿನ ಡಬ್ಬ ಕಾಣಿಸಿತು. ಅದು ಹೋಗುವವರೆಗೆ ಕಾದೆ.

“ಸ್ವಾಮಿ, ನನ್ನ ಭಾವಮೈದ ನೀನಿಲ್ಲ ಎಂದು ಹೇಳುತ್ತಿದ್ದ. ಅದು ನಿನಗೂ ಗೊತ್ತು, ನಾನದನ್ನು ಮುಚ್ಚಿಡುವುದಿಲ್ಲ. ಅವನು ತನಗೆ ಕೇಳಿಸದ್ದನ್ನು ಕೇಳಿಸಿತು ಎಂದು ಹೇಳಲಿಲ್ಲ, ಅಷ್ಟೇ. ಕೃತಜ್ಞತೆ ಬಂದಾಗ ಅದನ್ನು ಬಚ್ಚಿಟ್ಟುಕೊಳ್ಳದೆ ಸಿಕ್ಕಿದವರಿಗೆಲ್ಲ ಹಂಚಿದ. ನಿನ್ನ ಜನರ ಪುಸ್ತಕಗಳನ್ನು ಬಿಚ್ಚಿಕೊಳ್ಳದ ಹಾಗೆ ಹೊಲಿದ. ಅವನು ನಿನ್ನೆದುರು ಬಂದಿದ್ದರೆ ಬಹಳ ಆಶ್ಚರ್ಯಪಟ್ಟಿರುತ್ತಾನೆ, ಬೈಯಬೇಡ. ಬೆಳಕಿರುವ ಕಡೆ ಒಂದು ಸ್ಟೂಲು ಕೊಡು. ಅವನ ಹತ್ತಿರ ಪ್ರಶ್ನೆಗಳಿರುತ್ತವೆ, ಕೇಳಲು ಬಿಡು. ಒಂದು ಪ್ರಶ್ನೆ, ಒಂದು ಉತ್ತರ, ವಾದ ಇಲ್ಲ. ಅವನು ಆ ಕಟ್ಟು ಮೀರುವವನಲ್ಲ. ಬೇಕಾದರೆ ನೀನೂ ಒಂದು ವಾರ ತೆಗೆದುಕೋ. ಸೂಜಿ ಚುಚ್ಚಿದ ಆ ಬೆರಳುಗಳಿಗೆ ಇನ್ನು ನೋವಿಲ್ಲದಿರಲಿ. ದಣಿದ ಆ ಹೃದಯಕ್ಕೆ ವಿಶ್ರಾಂತಿ ಕೊಡು. ತಂದೆಯೇ, ಅವನಿಗೆ ಶಾಂತಿ ಕೊಡು. ಆಮೆನ್.”